ಪಕ್ಕದ ಬಣ್ಣ

ಆ ದಾರದ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಗಿರಾಕಿ ತಂದ ಬಟ್ಟೆಯ ತುಂಡನ್ನು ಕೌಂಟರಿನಿಂದ ಎತ್ತಿ ಒಳಗೆ ಒಯ್ಯುವಂತಿಲ್ಲ. ಹಿಂದೊಮ್ಮೆ ಯಾರದೋ ರೇಷ್ಮೆಯ ತುಂಡು ಒಳಗಿನ ಗೂಡುಗಳ ಸಂದಿಯಲ್ಲಿ ಬಿದ್ದು ಕಾಣೆಯಾಗಿ, ಆ ಹೆಂಗಸು ಸಂಜೆಯವರೆಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ರಂಪ ಮಾಡಿದ್ದಳು. ಅವತ್ತೇ ಯಜಮಾನರು ಹೊರಡಿಸಿದ ಕಾನೂನು ಅದು. ಬಟ್ಟೆ ಇದ್ದಲ್ಲೇ ಇರಬೇಕು. ಕೆಲಸದವರು ಅದನ್ನು ಒಮ್ಮೆ ನೋಡಿ, ಬಣ್ಣವನ್ನು ಕಣ್ಣಲ್ಲಿ ಹಿಡಿದುಕೊಂಡು, ಹನ್ನೆರಡು ಹೆಜ್ಜೆ ನಡೆದು, ಗೂಡಿನಿಂದ ಅದೇ ಬಣ್ಣದ ರೀಲು ತೆಗೆದುಕೊಂಡು ಬರಬೇಕು. ಒಳಗಿರುವುದು ನಾನೂರು ಚಿಲ್ಲರೆ ಬಣ್ಣ. ಕೆಂಪು ಅಂತ ನಾವು ನೀವು ಒಂದೇ ಮಾತಲ್ಲಿ ಹೇಳಿ ಮುಗಿಸುತ್ತೇವಲ್ಲ, ಅದರಲ್ಲೇ ಮೂವತ್ತೇಳು ಬಗೆ.

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳನ್ನು ಸುತ್ತಲಿನ ದರ್ಜಿಗಳೆಲ್ಲ ದಾರದಕ್ಕ ಅನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ. ಒಂದು ಕಾಲದಲ್ಲಿ ಅವಳು ಮೂವರು ಗಿರಾಕಿಗಳ ಮೂರು ಬಣ್ಣವನ್ನು ಒಟ್ಟಿಗೆ ಕಣ್ಣಲ್ಲಿಟ್ಟುಕೊಂಡು, ದಾರಿಯಲ್ಲಿ ನಾಲ್ಕನೆಯವರ ಜೊತೆ ಹರಟುತ್ತಾ ಒಳಗೆ ಹೋಗಿ ಬರುತ್ತಿದ್ದಳು. ಅವಳು ತಂದ ರೀಲನ್ನು ಬಾಗಿಲ ಬೆಳಕಿನಲ್ಲಿ ಬಟ್ಟೆಯ ಮೇಲಿಟ್ಟರೆ ಎಲ್ಲಿದೆ ಅಂತ ಹುಡುಕಬೇಕಿತ್ತು. ಯಜಮಾನರು ಗಿರಾಕಿಗಳಿಗೆ ಎಲ್ಲ ಬಣ್ಣದ ಮಾದರಿ ಇರುವ ಶೇಡ್ ಕಾರ್ಡ್ ತೋರಿಸುವಾಗ, "ಇದು ಕಾಗದದ್ದು, ನಡೆದಾಡೋದು ಒಳಗಿದೆ" ಅಂತ ಇವಳ ಕಡೆ ಬೆರಳು ಮಾಡುತ್ತಿದ್ದರು.

ಈಗ ಏಳನೆಯ ಹೆಜ್ಜೆಗೇ ಬಣ್ಣ ಹೋಗಿಬಿಡುತ್ತದೆ. ಮಾಸುವುದಿಲ್ಲ, ಮಬ್ಬಾಗುವುದಿಲ್ಲ, ಇತ್ತು, ಇಲ್ಲ, ಅಷ್ಟೇ. ಗೂಡಿನ ಮುಂದೆ ನಿಂತು ಕೈ ಎತ್ತಿದರೆ ಯಾತಕ್ಕೆ ಎತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಎತ್ತಿದ ಕೈಯಾದರೂ ಸುಮ್ಮನಿರುತ್ತದೆಯೇ? ಹೆಗಲಿನಿಂದ ಬೆರಳ ತುದಿಯವರೆಗೆ ನೋಯುತ್ತದೆ.

ನೋವಿನ ಕಥೆ ಒಂಬತ್ತು ವರ್ಷದ್ದು. ಕುತ್ತಿಗೆಯಲ್ಲಿ ಶುರುವಾಗಿ, ಹೆಗಲು, ಸೊಂಟ, ಮಂಡಿ, ಪಾದ ಅಂತ ಒಂದೊಂದೇ ಕೋಣೆ ಹಿಡಿದುಕೊಂಡಿತು, ಖಾಲಿ ಮಾಡುವ ಮಾತೇ ಎತ್ತಲಿಲ್ಲ. ರಕ್ತ ಪರೀಕ್ಷೆ ಸರಿ, ಎಕ್ಸ್‌ರೇ ಸರಿ, ದೊಡ್ಡ ಯಂತ್ರದೊಳಗೆ ಮಲಗಿಸಿ ತೆಗೆದದ್ದೂ ಸರಿ. ಎಲ್ಲ ಸರಿಯಿದ್ದವಳಿಗೆ ಬೆಳಗ್ಗೆ ಹಾಸಿಗೆಯಿಂದ ಏಳಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ನೋಡುವವರಿಗೆ ಏನು ಕಾಣುತ್ತದೆ? ಊತವಿಲ್ಲ, ಪಟ್ಟಿ ಕಟ್ಟಿಲ್ಲ. "ಸ್ವಲ್ಪ ನಡೆದಾಡಿ, ಎಲ್ಲ ಸರಿಹೋಗುತ್ತೆ" ಅನ್ನುವವರಿಗಂತೂ ಬರವಿರಲಿಲ್ಲ. ಅಂಥವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ದಿನ ಈ ಮೈ ಕೊಟ್ಟು ಕಳಿಸಬೇಕು, ಆಮೇಲೆ ನಡೆದಾಡಲಿ ಬೇಕಾದಷ್ಟು. ಕೊನೆಗೆ ಒಬ್ಬ ಡಾಕ್ಟರಮ್ಮ, ಇದಕ್ಕೊಂದು ಉದ್ದನೆಯ ಹೆಸರಿದೆ, ಪೂರ್ತಿ ಹೋಗುವಂಥದ್ದಲ್ಲ, ತಗ್ಗಿಸಬಹುದು ಅಂತ ಮಾತ್ರೆ ಬರೆದುಕೊಟ್ಟರು.

ಮಾತ್ರೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ನೋವಿನ ಮೇಲೆ ದಪ್ಪ ಕಂಬಳಿ ಹೊದಿಸಿದ ಹಾಗಾಯಿತು. ತಕರಾರೇನೆಂದರೆ ಕಂಬಳಿ ನೋವಿನ ಮೇಲೆ ಮಾತ್ರ ಬೀಳಲಿಲ್ಲ. ಸಂತೋಷ, ಕೋಪ, ನಿನ್ನೆ, ಮೊನ್ನೆ, ಒಲೆಯ ಮೇಲಿಟ್ಟ ಹಾಲು, ಎಲ್ಲ ಅದರಡಿಗೇ ಹೋದವು. ಈ ಮರೆವು ಕಾಯಿಲೆಯದೋ ಮಾತ್ರೆಯದೋ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ, "ಎರಡೂ ಇದೆ, ನಿದ್ದೆ ಇಲ್ಲದ್ದೂ ಇದೆ. ಇಷ್ಟು ಇದರದ್ದು, ಇಷ್ಟು ಅದರದ್ದು ಅಂತ ಪಾಲು ಮಾಡಿ ಹೇಳೋಕಾಗಲ್ಲಮ್ಮ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇದೂ ಹಾಗೇ ಆಯಿತು.

ಅಂಗಡಿಯಲ್ಲಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಗಿರಾಕಿ ಆಚೆ ಈಚೆ ನೋಡುವಾಗ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿಕೊಂಡು ಹೋಗುವುದು. ಕಟ್ಟಳೆಯಲ್ಲಿ ಬಟ್ಟೆ ಅಂತಿದೆ, ಎಳೆ ಅಂತಿಲ್ಲ. ಇಬ್ಬರು ಗಿರಾಕಿಗಳಿದ್ದರೆ ಎರಡು ಬೆರಳು. ಆದರೆ ಯಾವ ಬೆರಳು ಯಾರದು ಅನ್ನುವುದನ್ನು ಯಾವ ಬೆರಳಿಗೆ ಸುತ್ತುವುದು? ಒಮ್ಮೆ ಬೂದು ಬಣ್ಣದ ಪ್ಯಾಂಟು ತಂದಿದ್ದ ಮುದುಕರ ಮುಂದೆ ಗುಲಾಬಿ ರೀಲು ಇಟ್ಟಳು. ಅವರು ರೀಲು ನೋಡಿದರು, ಇವಳನ್ನು ನೋಡಿದರು. "ಈ ವಯಸ್ಸಲ್ಲಿ ನನಗಿದು ಒಪ್ಪುತ್ತೇನಮ್ಮಾ?" ಅಂದರು. ಅಂಗಡಿಯವರೆಲ್ಲ ನಕ್ಕರು, ಅವಳೂ ನಕ್ಕಳು. ನಗು ಬಂದು ನಕ್ಕಿದ್ದಲ್ಲ, ಎಲ್ಲರೂ ನಗುತ್ತಿದ್ದಾಗ ನಗಬೇಕಲ್ಲ ಅಂತ ನಕ್ಕಿದ್ದು.

ಮನೆಯಲ್ಲಿ ಉಪಾಯದ ಅಗತ್ಯವಿರಲಿಲ್ಲ, ಅಮ್ಮ ಇದ್ದಳು. ಮದುವೆಯಾಗದ ಮಗಳು, ಮಂಚ ಹಿಡಿದ ತಾಯಿ, ಎರಡು ಕೋಣೆಯ ಮನೆ. ಮಗಳು ತಾಯಿಯ ಕೈಕಾಲಾದರೆ ತಾಯಿ ಮಗಳ ತಲೆಯಾಗಿದ್ದಳು. ಮಲಗಿದಲ್ಲಿಂದಲೇ, "ಗ್ಯಾಸ್ ಆರಿಸಿದ್ಯಾ?" "ಬೆಳಗ್ಗಿಂದು ನುಂಗಾಯ್ತು, ಮತ್ತೆ ಡಬ್ಬಿಗೆ ಕೈ ಹಾಕಬೇಡ." "ಬೀಗದ ಕೈ ಬಾಗಿಲಲ್ಲೇ ಬಿಟ್ಟಿದ್ದೀಯ ನೋಡು ಹೋಗು, ಮಹಾರಾಣಿ." ಬಾಯಿ ಜೋರು, ಮನಸ್ಸು ಒಳ್ಳೆಯದು ಅನ್ನುತ್ತಾರಲ್ಲ, ಅಂಥ ಹೆಂಗಸಲ್ಲ, ಬಾಯೂ ಜೋರು, ಮನಸ್ಸೂ ಜೋರು.

ಆ ಅಮ್ಮ ತೀರಿಕೊಂಡು ಎರಡೂವರೆ ತಿಂಗಳಾಗಿತ್ತು. ಮಧ್ಯಾಹ್ನ ನಾಲ್ಕು ಗಂಟೆಗೆ, ಒಂದು ಬುಧವಾರ. ಕೋಣೆಯಲ್ಲಿ ಇದ್ದವಳು ದಾರದಕ್ಕ ಒಬ್ಬಳೇ. ಮತ್ತು ಅವಳಿಗೆ ಆ ಮಧ್ಯಾಹ್ನದ ಒಂದು ಚೂರೂ ನೆನಪಿಲ್ಲ.

ಬೆಳಗ್ಗೆ ನೀರು ಕಾಯಿಸಿದ್ದು ನೆನಪಿದೆ. ವಾರವೆಲ್ಲ ಅಮ್ಮನನ್ನು ಎತ್ತಿ ಮಲಗಿಸಿ ಬೆನ್ನು ಮುರಿದುಹೋಗಿದ್ದರಿಂದ ಒಂದರ ಬದಲು ಎರಡು ಮಾತ್ರೆ ನುಂಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಮನೆ ತುಂಬ ಜನ, ಕೈಯಲ್ಲೊಂದು ಟೀ ಲೋಟ, ಅದು ತಣ್ಣಗಾಗಿತ್ತು. ನಡುವಿನದ್ದು ಇಲ್ಲ. ಅಳುವೂ ಬರಲಿಲ್ಲ. ಬಂದಿದ್ದರೆ ಅವಳೇನು ಬೇಡ ಅನ್ನುತ್ತಿರಲಿಲ್ಲ.

ಇದು ಅವಳೊಬ್ಬಳ ಸಂಗತಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ತಂಗಿ ಇದ್ದಳಲ್ಲ. ಮೂರು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಗಣಿತದ ಟೀಚರು. ಅಮ್ಮ ಸಾಯುವ ಒಂದೂವರೆ ವರ್ಷ ಮೊದಲು, ಆರು ತಿಂಗಳು ನೀನೂ ನಮ್ಮನ್ನು ಇಟ್ಟುಕೋ ಅಂತ ಅಮ್ಮ ಕೇಳಿದ್ದಕ್ಕೆ ತಂಗಿ, "ಒಬ್ಬ ರೋಗಿಯಾದ್ರೆ ನೋಡ್ಕೋಬಹುದು, ಇಬ್ಬರನ್ನ ನೋಡ್ಕೊಳ್ಳೋದು ನನ್ನ ಕೈಲಾಗಲ್ಲ" ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು ಅನ್ನುವುದು ಸುಮ್ಮನೆಯೇ? ಅಮ್ಮ ಮತ್ತೆ ಅವಳ ಫೋನಿಗೆ ಬರಲಿಲ್ಲ, ಅವಳು ಮತ್ತೆ ಮನೆಗೆ ಬರಲಿಲ್ಲ. ಬಂದದ್ದು ಅಮ್ಮ ಹೋದ ದಿನ, ಸಂಜೆಯ ಬಸ್ಸಿಗೆ.

ಅಲ್ಲಿಂದ ಈಚೆಗೆ ಪ್ರತಿ ಭಾನುವಾರ ಬರುತ್ತಾಳೆ. ಮನೆ ಗುಡಿಸುತ್ತಾಳೆ, ವಾರದ ಏಳು ಮನೆಗಳಿರುವ ಡಬ್ಬಿಗೆ ಮಾತ್ರೆ ತುಂಬಿಸುತ್ತಾಳೆ, ಹೊರಡುವ ಮುಂಚೆ ಕೂತು ಕೇಳುತ್ತಾಳೆ: "ಅಕ್ಕ, ಅಮ್ಮ ಕೊನೆಗೆ ಏನಂದ್ಲು?"

ಕೇಳಿದ್ದು ದಾರದಕ್ಕನಿಗೆ ನೆನಪಿದೆ. ತಾನು ಏನು ಉತ್ತರ ಕೊಟ್ಟೆ ಅನ್ನುವುದು ಸರಿಯಾಗಿ ನೆನಪಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಜಾರಿಕೊಂಡಿರಬೇಕು. ಆದರೆ ಎಷ್ಟು ವಾರ ಜಾರಿಕೊಳ್ಳುವುದು? ಮರೆತೆ ಅನ್ನುವುದಕ್ಕೆ ಬಾಯಿ ಬಾರದು. ಕೊಡೆ ಮರೆಯಬಹುದು, ಹಾಲು ಮರೆಯಬಹುದು. ಹೆತ್ತ ತಾಯಿಯ ಕೊನೆಯ ಮಾತು ಮರೆಯುವವರು ಯಾರು? ತಂಗಿಗೆ ಇನ್ನು ಅಮ್ಮನಿಂದ ಸಿಗುವುದು ಆ ಒಂದು ಮಾತು ಮಾತ್ರ, ಅದು ಸೇರಿಕೊಂಡಿದ್ದು ಇಂಥ ತೂತು ತಲೆಯಲ್ಲಿ.

ಗುರುವಾರ ಬೆಳಗ್ಗೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಕಂಬಳಿ ತೆಗೆದರೆ ಅಡಿಯಲ್ಲಿರುವುದು ಕಾಣಲೇಬೇಕಲ್ಲ. ಮಾತ್ರೆ ನಿಲ್ಲಿಸಿದಳು. ಹಾಗೆ ದಿಢೀರನೆ ಬಿಡಬಾರದು ಅಂತ ಡಾಕ್ಟರಮ್ಮ ಚೀಟಿಯಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದರು. ಅವಳು ಅದನ್ನು ಓದಿಯೇ ಮಡಿಸಿಟ್ಟಳು.

ಗುರುವಾರ ಏನೂ ಆಗಲಿಲ್ಲ. ಶುಕ್ರವಾರ ಬೆವರು ಕಿತ್ತುಕೊಂಡು ಬಂತು, ಬೆರಳು ನಡುಗಿದವು, ಪಾದದ ಅಡಿ ಜಲ್ಲಿಕಲ್ಲು ಸುರಿದ ಹಾಗಾಯಿತು. ಆದರೆ ಮಧ್ಯಾಹ್ನ ಒಬ್ಬಳು ಕಡುಗೆಂಪಿನ ತುಂಡು ತಂದಿಟ್ಟಾಗ ದಾರದಕ್ಕ ಎಳೆ ಕೀಳುವುದನ್ನೇ ಮರೆತು ನಡೆದಳು. ಏಳನೆಯ ಹೆಜ್ಜೆ ದಾಟಿತು, ಒಂಬತ್ತಾಯಿತು, ಬಣ್ಣ ಕಣ್ಣಲ್ಲೇ ಇತ್ತು. ಹನ್ನೆರಡಕ್ಕೆ ಕೈ ತಾನಾಗಿ ಮೇಲೆ ಹೋಗಿ ಸರಿಯಾದ ರೀಲನ್ನೇ ಹಿಡಿಯಿತು. ಕೈ ಇಳಿಸುವಾಗ ಕಣ್ಣಲ್ಲಿ ನೀರು ಬಂತು, ನೋವಿಗೆ. ಆದರೂ ಅವಳಿಗೆ ಆಸೆ ಹುಟ್ಟಿತು.

ಆಸೆಗೇನು, ಕೂತಲ್ಲೇ ಹುಟ್ಟುತ್ತದೆ. ಶನಿವಾರದ ಹೊತ್ತಿಗೆ ಏನೇನೋ ನೆನಪಾಯಿತು. ಅಮ್ಮನ ಹಸಿರು ಸ್ವೆಟರಿನ ಮೊಣಕೈ ತೂತು, ಅದಕ್ಕೆ ತಾನು ಹಾಕಿದ ತೇಪೆ, ದಾರದಂಗಡಿಯವಳಾಗಿ ಬೇರೆ ಬಣ್ಣದ ದಾರ ಹಾಕಿದ್ದೀಯಲ್ಲೇ ಅಂತ ಅಮ್ಮ ಮೂರು ದಿನ ಬೈದಿದ್ದು. ಆ ಬುಧವಾರ ಮಾತ್ರ ಬರಲಿಲ್ಲ. ಬಂದದ್ದು ನೋವು, ಒಂಬತ್ತು ವರ್ಷದ ಬಾಕಿಯೆಲ್ಲ ಸೇರಿಸಿಕೊಂಡು. ಮುಷ್ಟಿ ಮುಚ್ಚಲು ಆಗಲಿಲ್ಲ. ಉಟ್ಟ ಬಟ್ಟೆ ಮೈಗೆ ತಾಗಿದರೆ ಸುಡುತ್ತಿತ್ತು. ಯಜಮಾನರು ಅವಳ ಮುಖ ನೋಡಿ, "ದಾರದಕ್ಕ, ಸುಣ್ಣ ಹೊಡೆದ ಗೋಡೆ ಥರ ಆಗಿದ್ದೀಯ. ಮನೆಗೆ ಹೋಗು. ಇಲ್ಲಿ ಬಿದ್ದರೆ ಎತ್ತೋಕೆ ನನ್ನ ಸೊಂಟಕ್ಕೂ ಶಕ್ತಿ ಇಲ್ಲ" ಅಂದರು.

ಮನೆಗೆ ಬಂದು ಶನಿವಾರದ ಮಾತ್ರೆ ನುಂಗಿದಳು. ಎರಡು ಗಂಟೆಯಲ್ಲಿ ಕಂಬಳಿ ಮತ್ತೆ ಬಂತು. ಅದು ಬರುತ್ತಿದ್ದಾಗ, ಪೂರ್ತಿ ಮುಚ್ಚುವ ಮೊದಲು, ಅವಳಿಗೊಂದು ಯೋಚನೆ ಹೊಳೆಯಿತು. ಎಷ್ಟು ಸರಳ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಅಂತ ಅವಳಿಗೇ ಆಶ್ಚರ್ಯ.

ಅಂಗಡಿಯಲ್ಲಿ ಕೇಳಿದ ಬಣ್ಣ ಇಲ್ಲದಿದ್ದರೆ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ. ಪಕ್ಕದ ಬಣ್ಣ ಕೊಡುತ್ತಾರೆ. ಅದಕ್ಕೂ ಲೆಕ್ಕವಿದೆ: ಒಂದು ಎಳೆ ಗಾಢವಾದದ್ದನ್ನೇ ಕೊಡಬೇಕು, ತಿಳಿಯಾದದ್ದನ್ನು ಕೊಡಬಾರದು. ರೀಲಿನ ಮೇಲೆ ಗಾಢವಾಗಿ ಕಂಡ ದಾರ ಹೊಲಿದ ಮೇಲೆ ತಿಳಿಯಾಗುತ್ತದೆ, ಬಟ್ಟೆಯಲ್ಲಿ ಸೇರಿಹೋಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಪಕ್ಕದ ಬಣ್ಣ ಒಯ್ದವರು ಒಬ್ಬರೂ ವಾಪಸು ಬಂದಿರಲಿಲ್ಲ.

ಅಮ್ಮನ ಮಾತಿಗೂ ಒಂದು ಪಕ್ಕದ ಬಣ್ಣ ಇರಬೇಕಲ್ಲ? ಕೂತು ಹುಡುಕಿದಳು. 'ನನ್ನ ಮುದ್ದಿನ ಮಗಳು' ಅಂತೇನಾದರೂ ಹೇಳಿದರೆ ತಂಗಿ ಅಲ್ಲೇ ಹಿಡಿಯುತ್ತಾಳೆ, ಅದು ತೀರಾ ತಿಳಿ. ಸ್ವಲ್ಪ ಬೈಗುಳ ಬೇಕು. ಕೊನೆಗೆ ಸಿಕ್ಕಿತು: 'ಆ ಹಟಮಾರಿ ಬಂದ್ರೆ ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕರಿ.' ಅಮ್ಮನೇ ಅಂದ ಹಾಗಿತ್ತು. ನಾಲ್ಕು ಸಲ ಬಾಯಲ್ಲೇ ಹೇಳಿಕೊಂಡು ಮಲಗಿದಳು.

ಭಾನುವಾರ ತಂಗಿ ಬಂದಳು. ಗುಡಿಸಿದಳು. ಮಾತ್ರೆಯ ಡಬ್ಬಿ ತೆರೆದು ನಿಂತಳು.

"ಗುರುವಾರದ್ದು, ಶುಕ್ರವಾರದ್ದು ಹಾಗೇ ಇದೆಯಲ್ಲ ಅಕ್ಕ?"

"ಮರೆತೆ."

ಮರೆವಿನಿಂದ ಅವಳಿಗೆ ಇದ್ದ ಅನುಕೂಲ ಇದೊಂದೇ, ಮರೆತೆ ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ತಂಗಿ ಉಳಿದ ಮನೆಗಳನ್ನು ತುಂಬಿಸಿ, ಡಬ್ಬಿ ಮುಚ್ಚಿ, ಎದುರಿನ ಕುರ್ಚಿಯಲ್ಲಿ ಕೂತಳು. ಕೇಳಿದಳು.

"ಅಮ್ಮ ಕೊನೆಗೆ ಏನಂದ್ಲು ಅಕ್ಕ?"

ದಾರದಕ್ಕ ತಂಗಿಯ ಮುಖವನ್ನೇ ನೋಡುತ್ತಾ ಹೇಳಿದಳು. "ಆ ಹಟಮಾರಿ ಬಂದ್ರೆ ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕರಿ ಅಂದ್ಲು."

ತಂಗಿ, ಮಕ್ಕಳ ಲೆಕ್ಕ ತಪ್ಪಾದಾಗ ಟೀಚರುಗಳು ಮಾತಾಡುವ ಹಾಗೆ, ಬೇಜಾರಿಲ್ಲದೆ ಹೇಳಿದಳು.

"ಕಳೆದ ವಾರ, ಚಿಕ್ಕೋಳಿಗೆ ತಲೆ ಬಾಚೋಕೆ ನಾನೇ ಬೇಕಿತ್ತು ಅಂದ್ಲು ಅಂತ ನೀನು ಹೇಳಿದ್ದೆ. ಅದರ ಹಿಂದಿನ ವಾರ, ಕೋಪ ಏನಿಲ್ಲ ಅಂತ ಹೇಳು ಅಂದ್ಲು ಅಂತ. ಇದು ಮೂರನೇದು."

ನೋಡಿ, ನಿನ್ನೆ ಅಷ್ಟು ಹೊಸದಾಗಿ ಹೊಳೆದ ಉಪಾಯ ಮೂರು ವಾರದಿಂದ ಹೊಳೆಯುತ್ತಲೇ ಇತ್ತು. ಪ್ರತಿ ಸಲ ಪಕ್ಕದ ಬಣ್ಣ ಹುಡುಕಿದ್ದಳು, ಪ್ರತಿ ಸಲ ಹುಡುಕಿದ್ದನ್ನು ಮರೆತಿದ್ದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡಳು.

"ಎಲ್ಲ ಕಟ್ಟಿದ್ದು," ಅಂದಳು. "ನನಗೆ ಆ ಮಧ್ಯಾಹ್ನವೇ ನೆನಪಿಲ್ಲ ಕಣೇ. ಹೇಳೋಕೆ ಧೈರ್ಯ ಬರಲಿಲ್ಲ."

"ಗೊತ್ತು."

"ಹೇಗೆ ಗೊತ್ತು?"

"ನಿಜವಾದ್ದು ನನ್ನ ಹತ್ತಿರ ಇದೆ. ಅವತ್ತೇ ಹೇಳಿದ್ದೆ ನೀನು. ನಾನು ಬಸ್ಸಿಳಿದು ಬಂದಾಗ ನೀನು ಗೇಟಿನ ಹತ್ತಿರ ನಿಂತಿದ್ದೆ. ನಾನು ಕೇಳಿರಲೂ ಇಲ್ಲ. ಎಲ್ಲೋ ನೋಡ್ಕೊಂಡು ಹೇಳಿ, ಒಳಗೆ ಹೋಗಿ ಕೂತುಬಿಟ್ಟೆ."

"ಏನು ಹೇಳಿದೆ ನಾನು?"

ತಂಗಿ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದಳು. "'ಚಿಕ್ಕೋಳಿಗೆ ಹೇಳಿ ಕಳಿಸಬೇಡ. ಅವಳು ಬರೋದು ಬೇಡ.' ಅಮ್ಮ ಅಂದಿದ್ದು ಇಷ್ಟೇ."

ದಾರದಕ್ಕ ಆ ಮಾತನ್ನು ಒಳಗೆ ತೆಗೆದುಕೊಂಡು ಹೋಗಿ ಎಲ್ಲ ಕಡೆ ಇಟ್ಟು ನೋಡಿದಳು. ಎಲ್ಲೂ ಕೂರಲಿಲ್ಲ. ಆದರೆ ನಿಜವೇ ಇರಬೇಕು, ಕಟ್ಟಿ ಹೇಳುವಷ್ಟು ಬುದ್ಧಿ ಅವತ್ತು ಆ ಎರಡು ಮಾತ್ರೆಯ ಅಡಿಯಲ್ಲಿ ಎಲ್ಲಿತ್ತು? ಇಂಥ ಮಾತನ್ನು ತಾನೇ ಗೇಟಿನಲ್ಲಿ ನಿಂತು ತಂಗಿಯ ಕೈಗೆ ಕೊಟ್ಟಿದ್ದಳು, ಚಿಲ್ಲರೆ ಎಣಿಸಿ ಕೊಟ್ಟ ಹಾಗೆ. ಅವಳಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಅಂತ ಸ್ವಲ್ಪ ಭಯವಾಯಿತು, ಅದೂ ದೂರದಲ್ಲೆಲ್ಲೋ.

"ನಿನಗೆ ತೊಂದರೆ ಆಗಬಾರದು ಅಂತ ಅಂದಿರಬಹುದು," ಅಂದಳು. "ಅಷ್ಟು ದೂರ, ಸ್ಕೂಲು, ಪರೀಕ್ಷೆ."

"ಇರಬಹುದು. ನನ್ನ ಮುಖ ನೋಡೋದು ಬೇಡ ಅಂತಲೂ ಇರಬಹುದು. ಮಾತು ನನ್ನ ಹತ್ತಿರ ಇದೆ ಅಕ್ಕ, ಯಾವ ದನಿಯಲ್ಲಿ ಅಂದ್ಲು ಅನ್ನೋದಿಲ್ಲ. ಕೋಪದಲ್ಲಾ, ಪಾಪ ಅವಳಿಗ್ಯಾಕೆ ತೊಂದರೆ ಅಂತಲಾ? ಎರಡಕ್ಕೂ ಅದೇ ಮಾತು ಆಗುತ್ತಲ್ಲ. ಅದನ್ನ ಕೇಳೋಕೇ ನಾನು ವಾರ ವಾರ ಬರೋದು. ಆ ಕೋಣೆಯಲ್ಲಿ ಇದ್ದಿದ್ದು ನೀನೊಬ್ಬಳೇ."

ಮನೆ ಗುಡಿಸಲು, ಮಾತ್ರೆ ತುಂಬಿಸಲು ಬರುತ್ತಾಳೆ ಅಂದುಕೊಂಡಿದ್ದಳು ದಾರದಕ್ಕ. ತಂಗಿ ಅದನ್ನೂ ಮಾಡುತ್ತಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು.

ಉತ್ತರ ಆಗಲೇ ದಾರದಕ್ಕನ ನಾಲಿಗೆಯ ಮೇಲೆ ಬಂದು ಕೂತಿತ್ತು. ಮೆತ್ತಗೆ ಅಂದ್ಲು ಕಣೇ, ಕೋಪ ಇರಲೇ ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ಇಲ್ಲ ಅನ್ನುವ ಮೊದಲೇ ಕೈ ಪಕ್ಕದ ಗೂಡಿಗೆ ಹೋಗುತ್ತದೆ. ಬಾಯಿ ತೆರೆದಳು. ನಲವತ್ತಾರು ವರ್ಷದ ತಂಗಿ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಈಗ ಕಟ್ಟಿ ಹೇಳಿದರೆ ತಂಗಿ ನಂಬಬೇಕು ಅಂತ ಪ್ರಯತ್ನಪಡುತ್ತಾಳೆ, ಬಸ್ಸಿನಲ್ಲಿ ಮೂರು ಗಂಟೆ ಪ್ರಯತ್ನಪಡುತ್ತಾಳೆ, ಇಳಿಯುವ ಹೊತ್ತಿಗೆ ಆಗುವುದಿಲ್ಲ. ಅಷ್ಟು ಮಾತ್ರ ದಾರದಕ್ಕನಿಗೆ ಸ್ಪಷ್ಟವಾಗಿ ಕಂಡಿತು.

"ಗೊತ್ತಿಲ್ಲ," ಅಂದಳು. "ದನಿ ನೆನಪಿಲ್ಲ."

ತಂಗಿ ತಲೆಯಾಡಿಸಿದಳು. ಎದ್ದು ಚೀಲ ತೆಗೆದುಕೊಂಡಳು. ಬಾಗಿಲವರೆಗೆ ಇಬ್ಬರೂ ನಿಧಾನಕ್ಕೆ ನಡೆದರು, ದಾರದಕ್ಕನ ಮಂಡಿಗೆ ಒಪ್ಪುವಷ್ಟು ನಿಧಾನಕ್ಕೆ.

"ನಾಳೆ ಹೊತ್ತಿಗೆ ಇದನ್ನೂ ಮರೀತೀನಿ ನೋಡು," ಅಂದಳು ದಾರದಕ್ಕ. "ನೀನು ಇವತ್ತು ಹೇಳಿದ್ದು, ನಾವು ಮಾತಾಡಿದ್ದು, ಎಲ್ಲ. ಎಲ್ಲಾದ್ರೂ ಬರೆದಿಡಲಾ?"

"ಬೇಡ. ಬರೆದಿಟ್ರೆ ಅದನ್ನೇ ಓದಿ ನನಗೆ ಹೇಳ್ತೀಯ. ಮರೆತುಬಿಡು ಅಕ್ಕ. ಪೂರ್ತಿ ಮರೆತು, ಆಮೇಲೆ ಯಾವತ್ತಾದ್ರೂ ತಾನಾಗೇ ಬಂದ್ರೆ ಬರಲಿ. ಮುಂದಿನ ವಾರ ಕೇಳ್ತೀನಿ."

"ಕೇಳು," ಅಂದಳು ದಾರದಕ್ಕ.